ಚಮರೀಮೃಗಕ್ಕೆ ಯಾಕ್ ಎಂಬ ಹೆಸರು ಬಂದುದು ಹೇಗೆ?

ದೇವರ ಉತ್ಸವ ಹೊರಟಾಗ ಪಲ್ಲಕ್ಕಿಯ ಎರಡು ಪಕ್ಕಗಳಲ್ಲಿಯೂ ಚಾಮರ ಬೀಸುವವರನ್ನು ನಾವೆಲ್ಲರೂ ನೋಡಿದ್ದೇವೆ. ಬೆಳ್ಳಿಯ ಹಿಡಿಯ ತುದಿಯಲ್ಲಿ ನೊರೆಯಂತೆ ಬೆಳ್ಳಗೆ ಇಳಿಬಿದ್ದಿರುವ ಆ ನೀಳವಾದ ಕೂದಲು ಯಾವ ಪ್ರಾಣಿಯದು ಎಂದು ಕೇಳಿದರೆ, ‘ಚಮರೀಮೃಗದ ಬಾಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಆದರೆ ಚಮರೀಮೃಗವು ನೋಡಲು ಹೇಗಿರುತ್ತದೆ ಎಂದು ಮುಂದಿನ ಪ್ರಶ್ನೆ ಹಾಕಿದರೆ ಹಲವರು ತಡವರಿಸುವರು; ಅದೊಂದು ಬಗೆಯ ಜಿಂಕೆ ಎನ್ನುವವರೂ ಉಂಟು. ಅದೇ ಜನರನ್ನು ‘ಯಾಕ್ ಎಂದರೇನು?’ ಎಂದು ಕೇಳಿ ನೋಡಿ. ಭೂಗೋಳದ ಪುಸ್ತಕದಲ್ಲಿ ಟಿಬೆಟ್ಟಿನ ಪಾಠದ ಪಕ್ಕದಲ್ಲಿದ್ದ ಚಿತ್ರ ಥಟ್ಟನೆ ನೆನಪಿಗೆ ಬರುವುದು: ಗೂನು ಹೆಗಲು, ಬಾಗಿದ ಕೊಂಬು, ಹೊಟ್ಟೆಯ ಕೆಳಗೆ ನೆಲವನ್ನು ಮುಟ್ಟುವಂತೆ ಜೋತುಬಿದ್ದ ಕರಿಯ ರೋಮ. ಈ ಕರಿಯ ಎತ್ತೂ ಆ ಬಿಳಿಯ ಚಾಮರದ ಮೃಗವೂ ಒಂದೇ ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ.

ಒಂದು ಪ್ರಾಣಿಗೆ ಎರಡು ಹೆಸರು ಇರುವುದರಲ್ಲಿ ವಿಶೇಷವೇನೂ ಇಲ್ಲ. ವಿಶೇಷವಿರುವುದು ಈ ಎರಡು ಹೆಸರುಗಳು ನಮ್ಮಲ್ಲಿಗೆ ಬಂದ ದಾರಿಯಲ್ಲಿ. ಮೊದಲನೆಯದು ಬಾಲದೊಡನೆ ಬಂದಿತು. ಎರಡನೆಯದು ಇಂಗ್ಲಿಷ್ ಪುಸ್ತಕದೊಡನೆ ಬಂದಿತು. ಪ್ರಾಣಿಯು ಮಾತ್ರ ಎರಡು ಸಲವೂ ಬರಲಿಲ್ಲ.

ಮೊದಲು ನಮ್ಮ ಹಳೆಯ ಹೆಸರನ್ನೇ ನೋಡೋಣ. ಸಂಸ್ಕೃತದಲ್ಲಿ ಈ ಪ್ರಾಣಿ ‘ಚಮರ’, ಅದರ ಹೆಣ್ಣು ‘ಚಮರೀ’. ಚಮರಕ್ಕೆ ಸಂಬಂಧಪಟ್ಟದ್ದು ‘ಚಾಮರ’. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮಾಲಯವನ್ನು ವರ್ಣಿಸುವಾಗ ಚಮರಿಗಳನ್ನು ಮರೆಯಲಿಲ್ಲ. ಛತ್ರ ಚಾಮರಗಳು ದೇವರಿಗೂ ಅರಸನಿಗೂ ಸಲ್ಲುವ ಮರ್ಯಾದೆಗಳಾದವು. 1917ರಲ್ಲಿ ಪಾಟ್ನಾ ಬಳಿಯ ದೀದಾರ್‌ಗಂಜಿನಲ್ಲಿ ಸಿಕ್ಕಿದ ಪ್ರಸಿದ್ಧ ಯಕ್ಷಿಯ ಬಲಗೈಯಲ್ಲಿರುವುದು ಚಾಮರವೇ. ಛಂದಸ್ಸನ್ನು ಓದಿದ ವಿದ್ಯಾರ್ಥಿಗಳಿಗೆ ‘ಪಂಚಚಾಮರ’ವೆಂಬ ವೃತ್ತದ ಹೆಸರೂ ಗೊತ್ತಿರಬಹುದು. ಕನ್ನಡದಲ್ಲಿ ‘ಕುಮಾರ’ನು ‘ಕುವರ’ನಾದಂತೆ, ಮಕಾರವು ವಕಾರವಾಗಿ, ‘ಚಮರಿ’ಯು ‘ಚವರಿ’ಯಾಯಿತು, ಬಾಯಿಂದ ಬಾಯಿಗೆ ಸವೆದು ‘ಚೌರಿ’ಯಾಯಿತು. ಮದುವೆಯ ಮನೆಯಲ್ಲಿ ಕೂದಲು ಸಾಲದಿದ್ದಾಗ ಜಡೆಗೆ ಸೇರಿಸಿ ಹೆಣೆಯುತ್ತಾರಲ್ಲ, ಅದೇ ಚೌರಿ! ಹೆಣೆಯುವವರಿಗೂ ಹೆಣೆಸಿಕೊಳ್ಳುವವರಿಗೂ ಹಿಮಾಲಯದಾಚೆಯ ಎತ್ತಿನ ನೆನಪು ಇರುವುದಿಲ್ಲ, ಅಷ್ಟೇ.

ಈ ಚೌರಿಯ ಪ್ರಾಚೀನತೆಗೆ ಒಂದು ಸೊಗಸಾದ ಸಾಕ್ಷ್ಯವುಂಟು. ಕ್ರಿ. ಶ. 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮಿನ ಲೇಖಕನು ಪ್ರಾಣಿಗಳನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದಿದ್ದಾನೆ. ಅದರಲ್ಲಿ ಭಾರತದ ‘ಪೊಯೆಫಾಗಸ್’ ಎಂಬ ಪ್ರಾಣಿಯ ವಿಷಯ ಬರುತ್ತದೆ. ಆ ಮಾತಿಗೆ ‘ಹುಲ್ಲು ತಿನ್ನುವುದು’ ಎಂದರ್ಥ. ಅದರ ಬಾಲದ ಕೂದಲು ಮನುಷ್ಯರ ಕೂದಲಿಗಿಂತ ನಯವಾದದ್ದೆಂದೂ, ಭಾರತದ ಹೆಂಗಸರು ತಮ್ಮ ಜಡೆಯೊಡನೆ ಅದನ್ನು ಸೇರಿಸಿ ಹೆಣೆದುಕೊಳ್ಳುವರೆಂದೂ, ಅದಕ್ಕಾಗಿ ಅವರಲ್ಲಿ ಬಹಳ ಆಸೆಯೆಂದೂ ಅವನು ಹೇಳುತ್ತಾನೆ. ಈಲಿಯನ್ನನು ಭಾರತವನ್ನು ಕಂಡವನಲ್ಲ. ಕೇಳಿದ್ದನ್ನು, ಓದಿದ್ದನ್ನು ಬರೆಯುವವನು. ಆದರೂ ಈ ಒಂದು ಮಾತಿನಲ್ಲಿ ಅವನನ್ನು ನಂಬದಿರಲು ನಮಗೆ ಕಾರಣ ಕಾಣುವುದಿಲ್ಲ. ನಮ್ಮ ಅಂಗಡಿಬೀದಿಯ ಚೌರಿಯೇ ಅವನ ಪರವಾಗಿ ಸಾಕ್ಷಿ ಹೇಳುತ್ತಿದೆ.

ಅವನ ಮುಂದಿನ ಮಾತು ಮಾತ್ರ ಬೇರೆ ಜಾತಿಯದು. ಬೇಟೆಗಾರರು ಅಟ್ಟಿಸಿಕೊಂಡು ಬಂದಾಗ ಈ ಪ್ರಾಣಿಯು ತನ್ನ ಬಾಲವನ್ನು ಪೊದೆಯಲ್ಲಿ ಅಡಗಿಸಿ, ಬಾಲ ಕಾಣದಿದ್ದರೆ ತನ್ನನ್ನು ಬಿಟ್ಟುಬಿಡುವರೆಂದು ನಂಬಿ, ಎದುರು ತಿರುಗಿ ನಿಲ್ಲುವುದಂತೆ. ಮುನ್ನೂರು ವರ್ಷಗಳ ಅನಂತರ, ಆರನೆಯ ಶತಮಾನದಲ್ಲಿ, ಕಾಸ್ಮಾಸ್ ಇಂಡಿಕೊಪ್ಲ್ಯುಸ್ಟಿಸ್ ಎಂಬ ಅಲೆಗ್ಸಾಂಡ್ರಿಯದ ವರ್ತಕನು ಇದೇ ಬಗೆಯ ಕಥೆಯನ್ನು ಬರೆದಿಟ್ಟನು: ಈ ಕಾಡು ಎತ್ತಿನ ಬಾಲ ಗಿಡಕ್ಕೆ ಸಿಕ್ಕಿಕೊಂಡರೆ, ಒಂದು ಕೂದಲೂ ಕಳೆಯಬಾರದೆಂದು ಅದು ಅಲ್ಲಿಯೇ ನಿಂತುಬಿಡುವುದಂತೆ. ತಮಿಳಿನ ತಿರುಕ್ಕುರಳ್‌ನಲ್ಲಿಯೂ ‘ಕವರಿ’ ಎಂಬ ಪ್ರಾಣಿಯ ಪ್ರಸ್ತಾಪವಿದೆ. ರೋಮ ಕಳೆದುಕೊಂಡರೆ ಬಾಳದ ಆ ಪ್ರಾಣಿಯನ್ನು ಮಾನಕ್ಕಾಗಿ ಪ್ರಾಣ ಬಿಡುವವರಿಗೆ ಹೋಲಿಸಿದೆ. ಮುಂದೆ ತಮಿಳು ಜನರ ಮಾತಿನಲ್ಲಿ ಅದು ‘ಕವರಿಮಾನ್’, ಎಂದರೆ ಕವರಿಜಿಂಕೆಯಾಯಿತು.

ಎತ್ತು ಜಿಂಕೆಯಾದುದು ಹೇಗೆ? ಇದಕ್ಕೆ ನಮ್ಮ ಹಳೆಯ ಕೋಶಗಳೂ ಸ್ವಲ್ಪ ಹೊಣೆ. ಅಮರಕೋಶದಲ್ಲಿ ಕೃಷ್ಣಸಾರ, ಶಂಬರ, ಪೃಷತ, ಏಣ ಮೊದಲಾದ ಹುಲ್ಲೆ ಜಿಂಕೆಗಳ ಸಾಲಿನಲ್ಲಿಯೇ ಚಮರವನ್ನೂ ಎಣಿಸಿದೆ. ‘ಮೃಗ’ ಎಂಬ ಮಾತಿಗೂ ಎರಡು ಅರ್ಥಗಳು: ಕಾಡಿನ ಯಾವ ಪ್ರಾಣಿಯಾದರೂ ಮೃಗವೇ, ಜಿಂಕೆಯೂ ಮೃಗವೇ. ಪ್ರಾಣಿಯನ್ನು ಕಂಡವರಿಗೆ ಈ ಎರಡರ್ಥದಿಂದ ತೊಂದರೆಯಿಲ್ಲ. ಕಾಣದವರು ತಮಗೆ ಪರಿಚಿತವಾದ ಅರ್ಥವನ್ನೇ ಹಿಡಿಯುವರು. ಬಾಲವೊಂದೇ ಕೈಗೆ ಬಂದರೆ, ಉಳಿದ ದೇಹವನ್ನು ಕಲ್ಪನೆಯು ಜೋಡಿಸಿಕೊಳ್ಳುತ್ತದೆ. ಅಷ್ಟು ನಯವಾದ ಬಾಲಕ್ಕೆ ಜಿಂಕೆಯ ದೇಹ ಒಪ್ಪುವಷ್ಟು ಎತ್ತಿನ ದೇಹ ಒಪ್ಪೀತೆ? ಇನ್ನು ಬಾಲವನ್ನು ಅಡಗಿಸುವ ಕಥೆ. ನಿಜವಾದ ಯಾಕ್ ಮಾಡುವುದು ಇದಕ್ಕೆ ತೀರ ವಿರುದ್ಧ: ಕೆರಳಿದಾಗ, ಓಡುವಾಗ ಅದು ಬಾಲವನ್ನು ಬಾವುಟದಂತೆ ಮೇಲಕ್ಕೆತ್ತುತ್ತದೆ. ಆ ಕಥೆಯನ್ನು ಕಟ್ಟಿದವರು ಪ್ರಾಣಿಯನ್ನು ಕಂಡವರಲ್ಲ, ಬಾಲಕ್ಕೆ ಬೆಲೆ ಕಟ್ಟಿದವರು ಎಂದು ನಮಗೆ ತೋರುತ್ತದೆ.

ಬಾಲವು ಕನ್ಯಾಕುಮಾರಿಯವರೆಗೂ ಬಂದರೂ ಪ್ರಾಣಿ ಏಕೆ ಬರಲಿಲ್ಲ? ಅದರ ದೇಹದ ರಚನೆಯೇ ಹಾಗೆ. ಸಮುದ್ರಮಟ್ಟದಿಂದ ಸುಮಾರು 3,000 ಮೀಟರಿನಿಂದ 5,000 ಮೀಟರಿಗೂ ಮೇಲೆ, ಗಾಳಿಯಲ್ಲಿ ಆಮ್ಲಜನಕ ವಿರಳವಾಗಿರುವೆಡೆ ಬಾಳುವುದಕ್ಕೆ ಅದು ಅಣಿಯಾಗಿದೆ. ಸಾಮಾನ್ಯ ದನಕ್ಕೆ 13 ಜೊತೆ ಪಕ್ಕೆಲುಬುಗಳಾದರೆ ಯಾಕಿಗೆ 14 ಜೊತೆ. ಆ ಅಗಲವಾದ ಗೂಡಿನೊಳಗೆ ದೊಡ್ಡ ಶ್ವಾಸಕೋಶ, ದೊಡ್ಡ ಹೃದಯ. ಹೊರಗೆ ಉದ್ದನೆಯ ಒರಟು ರೋಮ, ಅದರ ಅಡಿಯಲ್ಲಿ ಚಳಿಗಾಲಕ್ಕೆಂದೇ ಬೆಳೆಯುವ ಮೃದುವಾದ ಉಣ್ಣೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಾಳಬಲ್ಲದು. ಆದರೆ ಬೆವರಿ ದೇಹವನ್ನು ತಂಪುಮಾಡಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಮೆ. ಉಷ್ಣತೆ ಸುಮಾರು 15 ಡಿಗ್ರಿಯನ್ನು ದಾಟಿದರೆ ಏದುಸಿರು ಬಿಡಲಾರಂಭಿಸುತ್ತದೆ. ನಮಗೆ ಹಿತವಾದ ಬೆಂಗಳೂರಿನ ಮಾಘಮಾಸದ ಮಧ್ಯಾಹ್ನವೂ ಅದಕ್ಕೆ ಉರಿಬೇಸಗೆಯೇ. 1960ರ ದಶಕದಲ್ಲಿ ಬೈಲಕುಪ್ಪೆಗೆ ಬಂದು ನೆಲಸಿದ ಟಿಬೆಟ್ಟಿನ ಜನರು ತಮ್ಮ ಭಾಷೆಯನ್ನೂ ಧರ್ಮವನ್ನೂ ಊಟತಿಂಡಿಗಳನ್ನೂ ತಂದರು, ಯಾಕನ್ನು ತರುವಂತಿರಲಿಲ್ಲ. ಈ ಪ್ರಾಣಿಗೆ ಲೋಕವೆಲ್ಲ ಇಂದು ಬಳಸುವ ಹೆಸರು ಅವರ ಭಾಷೆಯದು.

ಆ ಭಾಷೆಯಲ್ಲಿ ಮಾತಿನ ಸ್ಥಿತಿ ಹೇಗಿದೆಯೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟಿಬೆಟ್ಟಿನ ಬರವಣಿಗೆಯಲ್ಲಿ ಈ ಮಾತು ‘ಗ್‌ಯಗ್’ ಎಂದಿರುತ್ತದೆ. ಮೊದಲಿನ ಗಕಾರವು ಉಚ್ಚಾರಣೆಯಲ್ಲಿ ಕೇಳಿಸದು, ಕೊನೆಯ ಗಕಾರವು ಕಕಾರದಂತೆ ಕೇಳುವುದು. ಹೀಗೆ ‘ಯಕ್’ ಎಂಬ ಧ್ವನಿ. ಅಂದಹಾಗೆ, ಆ ಲಿಪಿಯು ಏಳನೆಯ ಶತಮಾನದಲ್ಲಿ ಭಾರತದ ಲಿಪಿಯ ಮಾದರಿಯಲ್ಲಿ ರೂಪುಗೊಂಡದ್ದು. ಅದರ ಯಕಾರವೂ ನಮ್ಮ ‘ಯ’ ಅಕ್ಷರವೂ ಬ್ರಾಹ್ಮಿಯ ಒಂದೇ ಅಕ್ಷರದ ಸಂತಾನ. ಮುಖ್ಯವಾದ ಸಂಗತಿ ಬೇರೆ. ಟಿಬೆಟ್ಟಿನವರಿಗೆ ಯಾಕ್ ಎಂದರೆ ಗಂಡು ಮಾತ್ರ! ಹೆಣ್ಣಿಗೆ ‘ಡ್ರಿ’ ಎಂದು ಹೆಸರು. ನೇಪಾಳದ ಶೆರ್ಪಾ ಜನರು ಅದನ್ನು ‘ನಾಕ್’ ಎನ್ನುವರು. ಪಳಗದ ಕಾಡುಪ್ರಾಣಿಗೆ ‘ಡ್ರೊಂಗ್’ ಎಂಬ ಬೇರೆಯೇ ಹೆಸರು. ಯಾಕಿಗೂ ಸಾಧಾರಣ ದನಕ್ಕೂ ಹುಟ್ಟಿದ ಮಿಶ್ರತಳಿಯ ಗಂಡು ‘ಜೋ’, ಹೆಣ್ಣು ‘ಜೋಮೊ’. ದನಗಾಹಿಗಳು ಇಡೀ ಹಿಂಡನ್ನು ‘ನೋರ್’ ಎನ್ನುವರು. ಆ ಮಾತಿಗೆ ಸಂಪತ್ತು ಎಂದೂ ಅರ್ಥ. ನಮ್ಮ ‘ಗೋಧನ’ವನ್ನು ನೆನೆಸಿಕೊಂಡರೆ ಇದರ ಭಾವ ತಿಳಿಯುವುದು.

ಆದ್ದರಿಂದ ಪ್ರವಾಸಿಗಳು ‘ಯಾಕಿನ ಹಾಲು’ ಕೇಳಿದರೆ ಅಲ್ಲಿನ ಜನ ನಗುತ್ತಾರೆ. ನಗದೆ ಇನ್ನೇನು ಮಾಡಿಯಾರು? ನಮ್ಮ ಹಳ್ಳಿಗೆ ಬಂದ ಪರದೇಶಿಯೊಬ್ಬನು ಎಮ್ಮೆಯ ಹಾಲನ್ನು ಬಿಟ್ಟು ಕೋಣದ ಹಾಲು ಬೇಕೆಂದರೆ ನಾವು ನಗುವುದಿಲ್ಲವೆ? ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ 1950ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನವರ ಸಹಾಯದಿಂದ ಚೀಸ್ ತಯಾರಿಸುವ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಬರುವ ಪದಾರ್ಥವು ಇಂದಿಗೂ ‘ಯಾಕ್ ಚೀಸ್’ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಹಾಲು ಕೊಡುವುದು ನಾಕ್, ಇಲ್ಲವೆ ಮಿಶ್ರತಳಿಯ ಹೆಣ್ಣು. ಆ ಮಿಶ್ರತಳಿಯ ಹೆಣ್ಣಿಗೆ ನೇಪಾಳಿಯಲ್ಲಿ ಏನೆನ್ನುವರು ಗೊತ್ತೆ? ‘ಚೌರಿ’! ಅಲ್ಲಿ ಹಾಲು ಕರೆಯುವ ಜೀವವಾಗಿರುವ ಮಾತು ಇಲ್ಲಿ ಜಡೆಗೆ ಸೇರಿಸುವ ಕೂದಲಾಗಿದೆ.

ಈ ಮಿಶ್ರತಳಿಯಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯವೊಂದಿದೆ. ಯಾಕಿಗೂ ದನಕ್ಕೂ ವರ್ಣತಂತುಗಳ ಸಂಖ್ಯೆ ಒಂದೇ, 60. ಆದರೂ ಅವೆರಡರ ಸಂತಾನದಲ್ಲಿ ಹೆಣ್ಣಾದ ಜೋಮೊ ಗಬ್ಬವಾಗಿ ಕರು ಹಾಕುತ್ತದೆ. ಗಂಡಾದ ಜೋ ಮಾತ್ರ ಬಂಜೆ. ಎರಡು ಪ್ರಭೇದಗಳ ಮಿಶ್ರಣದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾದರೆ, ಅದು ಎರಡು ಬಗೆಯ ಲಿಂಗ ವರ್ಣತಂತುಗಳಿರುವ ಲಿಂಗವೇ ಆಗಿರುತ್ತದೆಂದು ಜೆ. ಬಿ. ಎಸ್. ಹಾಲ್ಡೇನ್ ಅವರು 1922ರಲ್ಲಿ ತೋರಿಸಿಕೊಟ್ಟರು. (ಅವರು ಮುಂದೆ ಭಾರತದ ಪೌರರಾಗಿ ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡರು.) ದನಗಾಹಿಗೆ ಈ ನಿಯಮ ಗೊತ್ತಿರಬೇಕಾಗಿಲ್ಲ. ಜೋವನ್ನು ನೇಗಿಲಿಗೂ ಹೇರಿಗೂ ಕಟ್ಟಿ, ಜೋಮೊವನ್ನು ಹಾಲಿಗೆ ಇಟ್ಟುಕೊಂಡು, ಎರಡಕ್ಕೂ ಬೇರೆ ಹೆಸರಿಟ್ಟಾಗಲೇ ಅವನು ಆ ಭೇದವನ್ನು ಗುರುತಿಸಿದ್ದನು.

ಇಷ್ಟು ಹೆಸರುಗಳ ನಡುವೆ ‘ಯಾಕ್’ ಒಂದೇ ಇಂಗ್ಲಿಷಿಗೆ ಹೋದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1774ರಲ್ಲಿ ವಾರನ್ ಹೇಸ್ಟಿಂಗ್ಸನು ಜಾರ್ಜ್ ಬೋಗ್ಲ್ ಎಂಬ ತರುಣನನ್ನು ಟಿಬೆಟ್ಟಿಗೆ ಕಳುಹಿಸುವಾಗ, ಅಲ್ಲಿಂದ ತರಬೇಕಾದ ವಸ್ತುಗಳ ಪಟ್ಟಿಯನ್ನು ಬರೆದುಕೊಟ್ಟನು. ‘ಹಸುವಿನ ಬಾಲ’ವೆಂದು ವ್ಯಾಪಾರದಲ್ಲಿ ಹೆಸರಾದ ಬಾಲವನ್ನು ಹೊತ್ತಿರುವ ದನಗಳ ಒಂದೆರಡು ಜೊತೆ ಎಂಬುದು ಅದರಲ್ಲಿ ಒಂದು. ಎಂದರೆ, ಬಂಗಾಳವನ್ನಾಳುತ್ತಿದ್ದ ಆಂಗ್ಲರಿಗೂ ಆಗ ಗೊತ್ತಿದ್ದುದು ಬಾಲವೇ, ನಮ್ಮವರಿಗೆ ಗೊತ್ತಿದ್ದಂತೆ! 1783ರಲ್ಲಿ ಸ್ಯಾಮ್ಯುಯೆಲ್ ಟರ್ನರ್ ಎಂಬವನು ಟಿಬೆಟ್ಟಿಗೆ ಹೋಗಿ ಪ್ರಾಣಿಯನ್ನು ಕಣ್ಣಾರೆ ಕಂಡು, ಅದರ ವಿಷಯವನ್ನು ಬರೆದನು. ‘ತಾರ್ತರಿಯ ಯಾಕ್’ ಎಂಬುದು ಅವನು ಬಳಸಿದ ಹೆಸರು. ಹಿಂದೂಸ್ಥಾನದವರು ಹೇಳುತ್ತಿದ್ದ ‘ಸುರಾ ಗಾಯ್’ ಎಂಬುದನ್ನೂ ಕೊಟ್ಟಿದ್ದಾನೆ. ಹೇಸ್ಟಿಂಗ್ಸನಿಗೆಂದು ಅವನು ಕಳುಹಿಸಿದ ಎರಡು ಪ್ರಾಣಿಗಳಲ್ಲಿ ಒಂದು ಜೀವಸಹಿತ ಇಂಗ್ಲೆಂಡನ್ನು ಮುಟ್ಟಿತು. ಕೆಲವು ಕಾಲ ಮಂಕಾಗಿದ್ದು ಆಮೇಲೆ ಚೇತರಿಸಿಕೊಂಡಿತು. ಜಾರ್ಜ್ ಸ್ಟಬ್ಸ್ ಎಂಬ ಹೆಸರಾಂತ ಚಿತ್ರಗಾರನು 1791ರಲ್ಲಿ ಅದರ ಚಿತ್ರವನ್ನು ಬರೆದನು. ಹೀಗೆ ಇಂಗ್ಲೆಂಡಿನ ಜನ ನೋಡಿದುದು ಗಂಡನ್ನು. ಕೇಳಿದುದು ಗಂಡಿನ ಹೆಸರನ್ನು. ಆ ಹೆಸರೇ ಹೆಣ್ಣಿಗೂ ಗಂಡಿಗೂ ಕಾಡಿನದಕ್ಕೂ ಊರಿನದಕ್ಕೂ ಅಂಟಿಕೊಂಡಿತು. ಅಲ್ಲಿಂದ ನಮ್ಮ ಪಠ್ಯಪುಸ್ತಕಗಳಿಗೆ ಬಂದಿತು. ಧಾರವಾಡದ ಕಡೆಯ ವಾಚಕರು ‘ಯಾಕ?’ ಎಂದು ಕೇಳುವ ಮುನ್ನವೇ ಹೇಳಿಬಿಡುತ್ತೇವೆ: ಆ ‘ಯಾಕ’ಕ್ಕೂ ಈ ಯಾಕಿಗೂ ನಂಟಿಲ್ಲ.

ಕಿವಿಗೆ ಒಂದೇ ಆಗಿ ಕೇಳುವ ಇತರ ಯಾಕುಗಳೂ ಉಂಟು. ರಷ್ಯದ ಯಾಕ್ ವಿಮಾನಗಳಿಗೆ ಆ ಹೆಸರು ಬಂದುದು ಅವುಗಳನ್ನು ರಚಿಸಿದ ಅಲೆಗ್ಸಾಂಡರ್ ಯಾಕೊವ್ಲೆವ್‌ನಿಂದ. ಆ ಮನೆತನದ ಹೆಸರಿಗೆ ಯಾಕೋಬನ ಮಗ ಎಂದರ್ಥ. ಇಂಗ್ಲಿಷಿನ ಆಡುಮಾತಿನಲ್ಲಿ ‘ಯಾಕ್’ ಎಂದರೆ ಹರಟುವುದು. ಅದು ನಮ್ಮ ‘ವಟವಟ’ದಂತೆ ಬಾಯಿಯ ಸದ್ದನ್ನು ಅನುಕರಿಸಿ ಹುಟ್ಟಿದ ಮಾತು. ಗಣಕಯಂತ್ರದ ತಜ್ಞರು ಒಂದು ಕೆಲಸಕ್ಕೆ ಹೊರಟು, ಅದಕ್ಕೆ ಮುನ್ನ ಇನ್ನೊಂದು, ಅದಕ್ಕೂ ಮುನ್ನ ಮತ್ತೊಂದು ಎಂದು ಸಿಕ್ಕಿಹಾಕಿಕೊಳ್ಳುವುದನ್ನು ‘ಯಾಕಿಗೆ ಕ್ಷೌರ ಮಾಡುವುದು’ ಎನ್ನುತ್ತಾರೆ. ಅಮೆರಿಕದ ಒಂದು ಹಾಸ್ಯಚಿತ್ರದಿಂದ 1990ರ ದಶಕದಲ್ಲಿ ಹುಟ್ಟಿದ ಮಾತು ಅದು. ಇದರಲ್ಲಿ ಬರುವ ಯಾಕ್ ಮಾತ್ರ ನಮ್ಮ ಯಾಕೇ.

ವಿಜ್ಞಾನಿಗಳು ಇಟ್ಟ ಹೆಸರಿನ ಕಥೆ ಇನ್ನೂ ತಮಾಷೆಯದು. ಈ ಪ್ರಾಣಿ ದನದ ಕುಲದ್ದಾದರೂ ‘ಅಂಬಾ’ ಎನ್ನುವುದಿಲ್ಲ, ಹಂದಿಯಂತೆ ಗುರುಗುಟ್ಟುತ್ತದೆ. ಲಿನೇಯಸನು 1766ರಲ್ಲಿ ಅದನ್ನು ‘ಬೋಸ್ ಗ್ರುನಿಯೆನ್ಸ್’, ಎಂದರೆ ಗುರುಗುಟ್ಟುವ ಎತ್ತು, ಎಂದು ಕರೆದನು. ಅವನು ಹೆಸರಿಟ್ಟದ್ದು ಸಾಕಿದ ಪ್ರಾಣಿಗೆ. ರಷ್ಯದ ಪ್ರವಾಸಿ ಪ್ರ್‌ಜೆವಾಲ್ಸ್ಕಿಯು ಮಧ್ಯ ಏಷ್ಯದಲ್ಲಿ ಸಂಚರಿಸಿ, ಕಾಡಿನ ಯಾಕನ್ನು ಕಂಡು, 1883ರಲ್ಲಿ ಅದಕ್ಕೆ ‘ಮ್ಯೂಟಸ್’, ಎಂದರೆ ಮೂಕ, ಎಂಬ ಹೆಸರಿಟ್ಟನು. ಒಂದೇ ಪ್ರಾಣಿಯು ಹಟ್ಟಿಯಲ್ಲಿ ಗುರುಗುಟ್ಟುವುದು, ಕಾಡಿನಲ್ಲಿ ಮೂಕವಾಗುವುದು! ಈಲಿಯನ್ನನ ‘ಪೊಯೆಫಾಗಸ್’ ಕೂಡ ಸುಮ್ಮನೆ ಹೋಗಲಿಲ್ಲ. 1843ರಲ್ಲಿ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನು ಅದನ್ನು ಯಾಕಿನ ಜಾತಿನಾಮವಾಗಿ ಬಳಸಿದನು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ನಿಯಮ. ಅದರಂತೆ ಕಾಡುಪ್ರಾಣಿಗೂ ಸಾಕಿದ ಪ್ರಾಣಿಯ ಹೆಸರೇ ಸಲ್ಲಬೇಕಾಗಿತ್ತು. ಇದರಿಂದ ಗೊಂದಲವಾದೀತೆಂದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗವು 2003ರಲ್ಲಿ ವಿಚಾರ ಮಾಡಿ, ಇಂತಹ 17 ಕಾಡುಪ್ರಭೇದಗಳ ಹೆಸರನ್ನು ಉಳಿಸಿಕೊಳ್ಳಬಹುದೆಂದು ತೀರ್ಮಾನಿಸಿತು. ‘ಬೋಸ್ ಮ್ಯೂಟಸ್’ ಆ ಪಟ್ಟಿಯಲ್ಲಿದೆ. ಟಿಬೆಟ್ಟಿನ ದನಗಾಹಿಯು ‘ಯಾಕ್’ ಮತ್ತು ‘ಡ್ರೊಂಗ್’ ಎಂದು ಬಹು ಹಿಂದೆಯೇ ಬೇರ್ಪಡಿಸಿದ್ದುದನ್ನು ಶಾಸ್ತ್ರವೂ ಬೇರ್ಪಡಿಸಿದಂತಾಯಿತು.

ಈ ಬೇರ್ಪಡಿಕೆ ಬರಿಯ ಪಂಡಿತರ ಜಗಳವೆಂದು ವಾಚಕರು ತಿಳಿಯಬಾರದು. ಸಾಕಿದ ಯಾಕುಗಳು ಚೀನ, ಮಂಗೋಲಿಯ, ನೇಪಾಳ, ಭೂತಾನ ಮುಂತಾದ ದೇಶಗಳಲ್ಲಿ ಲಕ್ಷಗಟ್ಟಲೆ ಇವೆ. ಕಾಡಿನ ಡ್ರೊಂಗ್ ಹಾಗಲ್ಲ. ಭುಜದ ಬಳಿ ಎರಡು ಮೀಟರ್ ಎತ್ತರ, ಒಂದು ಟನ್ನಿನ ತೂಕಕ್ಕೆ ಬೆಳೆಯಬಲ್ಲ ಆ ಮಹಾಕಾಯ ಪ್ರಾಣಿಯಲ್ಲಿ ವಯಸ್ಕವಾದವು ಹತ್ತು ಸಾವಿರಕ್ಕಿಂತ ಕಡಮೆಯೆಂದು 2014ರಲ್ಲಿ ಅಂದಾಜು ಮಾಡಲಾಯಿತು. ಸಾಕಿದ ಹಿಂಡುಗಳೊಡನೆ ಕೂಡಿ ಅದರ ತಳಿ ಬೆರೆತುಹೋಗುವುದೂ ಒಂದು ಅಪಾಯ. ಎರಡಕ್ಕೂ ಒಂದೇ ಹೆಸರಿದ್ದು ಒಂದೇ ಲೆಕ್ಕದಲ್ಲಿ ಸೇರಿದರೆ, ಕಾಡಿನದು ಅಳಿದುಹೋದುದೂ ಲೆಕ್ಕಕ್ಕೆ ಸಿಕ್ಕದು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡು ಯಾಕಿಗೆ ರಕ್ಷಣೆಯನ್ನು ಕೊಟ್ಟಿದೆ.

ಭಾರತದ ಸಾಕಿದ ಯಾಕುಗಳ ಸ್ಥಿತಿಯೂ ನೆಮ್ಮದಿಯದಲ್ಲ. 2012ರ ಜಾನುವಾರು ಗಣತಿಯಲ್ಲಿ ಸುಮಾರು 77 ಸಾವಿರವಿದ್ದುದು 2019ರ ಗಣತಿಯಲ್ಲಿ ಸುಮಾರು 58 ಸಾವಿರಕ್ಕೆ ಇಳಿದಿತ್ತು. ಏಳು ವರ್ಷಗಳಲ್ಲಿ ನಾಲ್ಕರಲ್ಲೊಂದು ಪಾಲು ಕಡಮೆ. 1962ರ ಅನಂತರ ಗಡಿಯಾಚೆಯಿಂದ ಹೊಸ ಹೋರಿಗಳು ಬರುವುದು ನಿಂತು, ಒಳಸಂಬಂಧದಿಂದ ತಳಿ ಕುಗ್ಗಿತು. ಹಿಂಡಿನ ಹಿಂದೆ ವರ್ಷವಿಡೀ ಬೆಟ್ಟವನ್ನು ಹತ್ತಿ ಇಳಿಯುವ ಬಾಳು ತರುಣರಿಗೆ ಬೇಡವಾಗಿದೆ. 2019ರಲ್ಲಿ ಉತ್ತರ ಸಿಕ್ಕಿಮಿನಲ್ಲಿ ಭಾರಿ ಹಿಮಪಾತಕ್ಕೆ ಸಿಕ್ಕಿ, ಮೇವಿಲ್ಲದೆ ಸುಮಾರು 300 ಯಾಕುಗಳು ಸತ್ತುವು. ಅರುಣಾಚಲ ಪ್ರದೇಶದ ದಿರಾಂಗಿನಲ್ಲಿ 1989ರಿಂದ ಯಾಕ್ ಸಂಶೋಧನ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಅಲ್ಲಿನ ದನಗಾಹಿಗಳಾದ ಬ್ರೋಕ್ಪಾ ಜನರು ಹಾಲಿನಿಂದ ಮಾಡುವ ‘ಛುರ್ಪಿ’ ಎಂಬ ಗಟ್ಟಿ ಗಿಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ಹಿಂಡನ್ನು ಮಾರಿ ರಸ್ತೆಯ ಕೆಲಸಕ್ಕೋ ಪೇಟೆಗೋ ಹೋದ ಮನೆಯ ಮಗುವಿಗೆ ಡ್ರಿ, ಜೋ, ಜೋಮೊಗಳ ಭೇದವನ್ನು ಕಲಿಯುವ ಅವಸರವೇ ಬರುವುದಿಲ್ಲ. ಅದಕ್ಕೂ ನಮ್ಮಂತೆ ಪುಸ್ತಕದ ‘ಯಾಕ್’ ಒಂದೇ ಉಳಿಯಬಹುದು.

ನಮ್ಮ ಕಡೆ ಈಗ ಅಂಗಡಿಗಳಲ್ಲಿ ಮಾರುವ ಚಾಮರಗಳಲ್ಲಿ ಎಷ್ಟೋ ನೈಲಾನಿನವು. ಚೌರಿಗಳೂ ಮನುಷ್ಯರ ಕೂದಲಿನವು, ಇಲ್ಲವೆ ಯಂತ್ರದಲ್ಲಿ ಮಾಡಿದ ನೂಲಿನವು. ಮುಂದಿನ ಸಲ ಉತ್ಸವದಲ್ಲಿ ಚಾಮರವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದರೆ, ಒಂದೆರಡು ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿರಿ. ನೈಲಾನಿನ ಎಳೆ ಬುಡದಿಂದ ತುದಿಯವರೆಗೆ ಒಂದೇ ದಪ್ಪವಾಗಿರುತ್ತದೆ. ಚಮರಿಯ ಕೂದಲಾದರೆ ತುದಿಯತ್ತ ಸಣ್ಣಗಾಗುತ್ತದೆ.